ಬೇರಿನ ಗಂಟುಗಳು



ಮುಂಗಾರಿಯಲ್ಲಿ ಹೆಸರು ಬೆಳೆದ ಎರೆಹೊಲದಲ್ಲಿ ಹಿಂಗಾರಿಯ ಜೋಳವು ಚೆನ್ನಾಗಿ ಬರುವದೆಂಬದು ನಮ್ಮ ಧಾರವಾಡ ಸೀಮೆಯ ರೈತರಿಗೆ ಹೊಸದಾಗಿ ಹೇಳತಕ್ಕ ಮಾತಲ್ಲ. ನಿಮ್ಮ ತಂದೆಗಳೂ ಅಜ್ಜಂದಿರೂ ಹಾಗೆಯೇ ಮಾಡುತ್ತಾ ಬಂದರು. ಮೈಸೂರ ಸೀಮೆಯವರು ರಾಗಿಯ ನಡುವೆ ಅವರೆಯ ಅಕ್ಕಡಿ ಸಾಲನ್ನು ಇಡುತ್ತಾರೆ. ಕರಾವಳಿಯವರು ಭತ್ತವನ್ನು ಕೊಯ್ದ ಗದ್ದೆಯಲ್ಲಿ ಉಳಿದ ತೇವವನ್ನು ನಂಬಿ ಉದ್ದನ್ನೂ ಹೆಸರನ್ನೂ ಬಿತ್ತುತ್ತಾರೆ. ಆದರೆ ಹೀಗೆ ಮಾಡುವದರಿಂದ ಭೂಮಿಗೆ ಬಲವು ಎಲ್ಲಿಂದ ಬರುತ್ತದೆ ಎಂದು ಕೇಳಿದರೆ, ಹಿರಿಯರು ಮಾಡುತ್ತಿದ್ದರು, ನಾವೂ ಮಾಡುತ್ತೇವೆ ಎಂಬ ಉತ್ತರಕ್ಕಿಂತ ಮುಂದೆ ಹೋಗುವವರು ಕೊಂಚ ಮಂದಿಯೇ. ಕಾರಣವನ್ನು ಅರಿಯದೆ ಮಾಡುವ ಒಳ್ಳೇ ಕೆಲಸವನ್ನು ಕಾರಣವನ್ನು ಅರಿಯದೆಯೇ ಬಿಟ್ಟುಬಿಡುವದೂ ಸುಲಭವಾಗಿದೆ. ಈ ಹೊತ್ತಿನ ದಿವಸಗಳಲ್ಲಿ ಅನೇಕರು ಹಾಗೆ ಬಿಟ್ಟುಬಿಟ್ಟು, ವರುಷ ವರುಷಕ್ಕೂ ಗೊಬ್ಬರದ ಅಂಗಡಿಯ ಸಾಲವನ್ನು ಹೆಚ್ಚಿಸಿಕೊಳ್ಳುತ್ತಿರುವದನ್ನು ನಾವು ಕಂಡಿರುವದರಿಂದ, ಈ ತಿಂಗಳ ಪಾಠವನ್ನು ಹೊಲದ ಒಂದು ಸಂಗತಿಗೆ ಮೀಸಲಾಗಿಟ್ಟಿದ್ದೇವೆ. ಅದೇನೆಂದರೆ, ಕಾಳಿನ ಗಿಡಗಳ ಬೇರಿನಲ್ಲಿ ಕಾಣುವ ಸಣ್ಣ ಗಂಟುಗಳ ಸಂಗತಿ.

ಪಾಠಕ್ಕೆ ಮೊದಲು ನಮ್ಮ ತಪ್ಪೊಂದನ್ನು ನಿಮ್ಮ ಮುಂದೆ ಹೇಳಿಕೊಳ್ಳುವದು ನ್ಯಾಯವಾಗಿದೆ.

ಕೆಲವು ವರುಷಗಳ ಹಿಂದೆ ನಾವು ಒಂದು ಹಳ್ಳಿಯ ಸಭೆಯನ್ನು ನೋಡಿಕೊಳ್ಳುತ್ತಿದ್ದಾಗ, ಅಲ್ಲಿಯ ಒಬ್ಬ ವಿಧವೆ ಎರಡು ಎಕರೆ ಭೂಮಿಯಲ್ಲಿ ಶೇಂಗಾ ಬಿತ್ತಿದ್ದರು. ಶ್ರಾವಣದ ಮಳೆಯಾದ ಮೇಲೆ ಹೊಲದ ಒಂದು ಮೂಲೆಯಲ್ಲಿ ಗಿಡಗಳ ಎಲೆಗಳು ಹಳದಿಯಾದವು. ಆ ತಾಯಿಯು ನಾಲ್ಕು ಗಿಡಗಳನ್ನು ಬೇರುಸಹಿತ ಕಿತ್ತು ನಮ್ಮ ಮನೆಗೆ ತಂದು, 'ಉಪದೇಶಿಗಳೇ, ನೀವು ಓದಿದವರು, ಇದೇನು ಬೇನೆ ನೋಡಿರಿ' ಎಂದು ಕೇಳಿದರು. ಬೇರುಗಳಲ್ಲಿ ಸಾಸಿವೆ ಕಾಳಿನಷ್ಟು ದಪ್ಪವಾದ ಗಂಟುಗಳು ತುಂಬಿದ್ದವು. ಗಿಡಗಳ ಬೇರಿಗೆ ಒಂದು ಜಾತಿಯ ಸಣ್ಣ ಹುಳವು ಹೊಕ್ಕು ಗಂಟುಗಳನ್ನು ಮಾಡುತ್ತದೆಂದು ನಾವು ಎಲ್ಲಿಯೋ ಓದಿದ್ದೆವು. ಆದಕಾರಣ ಹಿಂದೆಮುಂದೆ ನೋಡದೆ, 'ಅವ್ವಾ, ಇದು ಬೇರಿನ ರೋಗ, ಹಬ್ಬುವದಕ್ಕೆ ಮುಂಚೆ ಕಿತ್ತು ಸುಟ್ಟುಬಿಡಿರಿ' ಎಂದು ಹೇಳಿಬಿಟ್ಟೆವು. ಅವರು ನಮ್ಮ ಮಾತನ್ನು ನಂಬಿ ಮರುದಿನವೇ ತಾವೂ ಮಗಳೂ ಸೇರಿ ಕಾಲು ಎಕರೆಯಷ್ಟು ಬೆಳೆಯನ್ನು ಕಿತ್ತರು. ಮೂರನೆಯ ದಿನ ಕೃಷಿ ಇಲಾಖೆಯವರೊಬ್ಬರು ಆ ದಾರಿಯಲ್ಲಿ ಬಂದು, ಕಿತ್ತುಹಾಕಿದ ಗಿಡಗಳನ್ನು ನೋಡಿ, ಒಂದು ಗಂಟನ್ನು ಉಗುರಿನಿಂದ ಸೀಳಿ ತೋರಿಸಿದರು. ಒಳಗೆ ಎಳೆಯ ಮಾಂಸದ ಹಾಗೆ ಕೆಂಪಾಗಿತ್ತು. 'ಇದು ರೋಗವಲ್ಲ, ಇದೇ ಈ ಗಿಡದ ಆಸ್ತಿ, ಎಲೆ ಹಳದಿಯಾದದ್ದಕ್ಕೆ ಕಾರಣ ಬೇರೆ' ಎಂದರು. ಉಳಿದ ಬೆಳೆಯು ಉಳಿಯಿತು, ಕಿತ್ತದ್ದು ಹೋಯಿತು. ನಾವು ಆ ತಾಯಿಯ ಮನೆಗೆ ಹೋಗಿ ನಮ್ಮ ತಪ್ಪನ್ನು ಒಪ್ಪಿಕೊಂಡು, ಕಳೆದುಹೋದ ಬೀಜದ ಬೆಲೆಯನ್ನು ಕೊಡುವದಕ್ಕೆ ಕೈಚಾಚಿದಾಗ, ಅವರು ಬಹಳ ಹೊತ್ತು ಸುಮ್ಮನಿದ್ದು, 'ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂದಿದ್ದರೆ ಸಾಕಾಗಿತ್ತರೀ' ಎಂದರು. ರೊಕ್ಕವನ್ನು ತೆಗೆದುಕೊಂಡರು, ತೆಗೆದುಕೊಳ್ಳತಕ್ಕದ್ದೂ ನ್ಯಾಯವಾಗಿತ್ತು. ಆ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ. ಆ ಮೇಲೆ ನಾವು ಕೇಳಿ, ಓದಿ, ಹೊಲದಲ್ಲಿ ಕಿತ್ತು ನೋಡಿ ಕಲಿತದ್ದನ್ನು ಈ ಕೆಳಗೆ ಬರೆಯುತ್ತೇವೆ.

ಒಂದನೆಯದು: ಗಾಳಿಯಲ್ಲಿರುವ ಐಶ್ವರ್ಯ

ಗಿಡಗಳು ನೀರು, ಗಾಳಿ, ಮಣ್ಣು ಇವುಗಳಿಂದ ತಮ್ಮ ಆಹಾರವನ್ನು ಕಟ್ಟಿಕೊಳ್ಳುತ್ತವೆ. ಅವುಗಳಿಗೆ ಬೇಕಾದ ಪದಾರ್ಥಗಳಲ್ಲಿ ಸಾರಜನಕವೆಂಬದು ಮುಖ್ಯವಾದದ್ದು. ಎಲೆಯ ಹಸುರು ಬಣ್ಣಕ್ಕೂ ಕಾಳಿನಲ್ಲಿ ತುಂಬುವ ಪುಷ್ಟಿಗೂ ಅದು ಬೇಕು. ನಮ್ಮ ಶರೀರದ ಮಾಂಸಖಂಡಗಳಿಗೆ ಆಧಾರವಾದ ಪ್ರೋಟೀನು ಸಾರಜನಕವಿಲ್ಲದೆ ಆಗುವದಿಲ್ಲ. ಜೋಳದಲ್ಲಿ ನೂರಕ್ಕೆ ಸುಮಾರು 10 ಪಾಲು ಪ್ರೋಟೀನು ಇದ್ದರೆ, ಹೆಸರು, ತೊಗರಿ, ಕಡಲೆ ಮುಂತಾದ ಕಾಳುಗಳಲ್ಲಿ 20ರಿಂದ 25 ಪಾಲು ಇರುತ್ತದೆ. ರೊಟ್ಟಿಯ ಸಂಗಡ ಬೇಳೆಯನ್ನು ತಿನ್ನುವ ಮಗುವು ಬರೀ ರೊಟ್ಟಿ ತಿನ್ನುವ ಮಗುವಿಗಿಂತ ಚೆನ್ನಾಗಿ ಬೆಳೆಯುವದಕ್ಕೆ ಇದು ಒಂದು ದೊಡ್ಡ ಕಾರಣ.

ಈ ಸಾರಜನಕವು ಎಲ್ಲಿದೆ? ನಾವು ಉಸಿರಾಡುವ ಗಾಳಿಯಲ್ಲಿಯೇ ಇದೆ. ನೂರು ಪಾಲು ಗಾಳಿಯಲ್ಲಿ 78 ಪಾಲು ಸಾರಜನಕವೇ. ಒಂದು ಎಕರೆ ಹೊಲದ ಮೇಲೆ ಆಕಾಶದ ವರೆಗೆ ನಿಂತಿರುವ ಗಾಳಿಯಲ್ಲಿ ಸುಮಾರು 30,000 ಟನ್ನು ಸಾರಜನಕವಿದೆ ಎಂದರೆ ನಂಬುವಿರೋ? ಆದರೂ ಜೋಳದ ಗಿಡವು ಅದರಲ್ಲಿ ಒಂದು ಗುಂಜಿಯಷ್ಟನ್ನೂ ನೇರವಾಗಿ ತೆಗೆದುಕೊಳ್ಳಲಾರದು. ಯಾಕಂದರೆ ಗಾಳಿಯ ಸಾರಜನಕದ ಕಣಗಳು ಎರಡೆರಡಾಗಿ ಒಂದನ್ನೊಂದು ಬಲವಾಗಿ ಹಿಡಿದುಕೊಂಡಿರುತ್ತವೆ. ಆ ಹಿಡಿತವನ್ನು ಬಿಡಿಸುವ ಶಕ್ತಿ ಯಾವ ಗಿಡಕ್ಕೂ ಇಲ್ಲ. ಸಮುದ್ರದ ನಡುವೆ ದೋಣಿಯಲ್ಲಿ ಕೂತವನು ಸುತ್ತಲೂ ನೀರಿದ್ದರೂ ಬಾಯಾರಿ ಬಳಲುವ ಹಾಗೆ, ಗಿಡಗಳು ಸಾರಜನಕದ ನಡುವೆಯೇ ನಿಂತು ಸಾರಜನಕವಿಲ್ಲದೆ ಸೊರಗುತ್ತವೆ.

ಮನುಷ್ಯರು ಈ ಹಿಡಿತವನ್ನು ಬಿಡಿಸಲು ಕಲಿತದ್ದು ತಡವಾಗಿಯೇ. ಜರ್ಮನಿಯ ಫ್ರಿಟ್ಸ್ ಹೇಬರ್ ಎಂಬವರು 1909ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲಿ ಮಾಡಿ ತೋರಿಸಿದರು. ಕಾರ್ಲ್ ಬಾಷ್ ಎಂಬವರು ಅದನ್ನು ದೊಡ್ಡ ಯಂತ್ರಗಳಿಗೆ ಅಳವಡಿಸಿದ ಮೇಲೆ, 1913ರಲ್ಲಿ ಓಪ್ಪಾವು ಎಂಬ ಊರಿನ ಕಾರ್ಖಾನೆಯು ಕೆಲಸಕ್ಕೆ ತೊಡಗಿತು. ನಾವು ಈಗ ಹೊಲಕ್ಕೆ ಹಾಕುವ ಯೂರಿಯಾ ಆ ವಿದ್ಯೆಯ ಫಲವೇ. ಆದರೆ ಅದಕ್ಕೆ 400 ಡಿಗ್ರಿಗೂ ಮೀರಿದ ಕಾವು ಬೇಕು. ನಮ್ಮ ಸುತ್ತಲಿನ ಗಾಳಿಯ ಒತ್ತಡಕ್ಕಿಂತ ನೂರಾರು ಪಟ್ಟು ಹೆಚ್ಚಿನ ಒತ್ತಡ ಬೇಕು. ಭೂಮಿಯೊಳಗಿಂದ ತೆಗೆದ ಅನಿಲವು ಬಹಳವಾಗಿ ಬೇಕು. ಹೀಗಿರಲಾಗಿ, ಅದೇ ಕೆಲಸವನ್ನು ಬೆಂಕಿಯಿಲ್ಲದೆ, ಯಂತ್ರವಿಲ್ಲದೆ, ಮಣ್ಣಿನ ತಂಪಿನಲ್ಲಿ ಮಾಡುವ ಕೆಲಸಗಾರರು ನಿಮ್ಮ ಹೊಲದಲ್ಲಿಯೇ ಇದ್ದಾರೆಂಬದನ್ನು ನೀವು ತಿಳಿಯಬೇಕು.

ಎರಡನೆಯದು: ಗಂಟಿನೊಳಗಿನ ಕೆಲಸ

ಈ ಕೆಲಸಗಾರರು ರೈಜೋಬಿಯಂ ಎಂಬ ಹೆಸರಿನ ಸೂಕ್ಷ್ಮಾಣುಗಳು. ಅವು ಕಣ್ಣಿಗೆ ಕಾಣವು. ಸೂಕ್ಷ್ಮದರ್ಶಕದಲ್ಲಿ ಮಾತ್ರ ಸಣ್ಣ ಕಡ್ಡಿಗಳ ಹಾಗೆ ಕಾಣುತ್ತವೆ. ಕಾಳಿನ ಗಿಡವು ಎಳೆಯದಾಗಿರುವಾಗಲೇ ತನ್ನ ಬೇರಿನಿಂದ ಒಂದು ವಿಧವಾದ ರಸವನ್ನು ಮಣ್ಣಿನಲ್ಲಿ ಬಿಡುತ್ತದೆ. ಅದನ್ನು ಅರಿತ ಅಣುಗಳು ಬೇರಿನ ಬಳಿಗೆ ಬಂದು, ತಾವೂ ಒಂದು ರಸವನ್ನು ಬಿಟ್ಟು ಉತ್ತರ ಕೊಡುತ್ತವೆ. ಆಗ ಬೇರಿನ ಮೇಲಿನ ನವುರಾದ ಕೂದಲು ಕೊಕ್ಕೆಯ ಹಾಗೆ ಬಾಗಿ ಆ ಅಣುಗಳನ್ನು ಹಿಡಿದುಕೊಳ್ಳುತ್ತದೆ. ಅವು ಒಳಕ್ಕೆ ಹೋಗುತ್ತಿರುವಾಗಲೇ ಬೇರು ಅವುಗಳಿಗೋಸ್ಕರ ಒಂದು ಕೋಣೆಯನ್ನು ಕಟ್ಟತೊಡಗುತ್ತದೆ. ಆ ಕೋಣೆಯೇ ಗಂಟು. ಶೇಂಗಾದಲ್ಲಾದರೋ ಅವು ಕೂದಲಿನ ಮೂಲಕ ಹೋಗದೆ, ತಾಯಿಬೇರಿನಿಂದ ಮರಿಬೇರು ಒಡೆದು ಬರುವ ಬಿರುಕಿನಿಂದ ಒಳಗೆ ಹೋಗುತ್ತವೆ. ಆದಕಾರಣ ಶೇಂಗಾದ ಗಂಟುಗಳು ಮರಿಬೇರುಗಳ ಬುಡದಲ್ಲಿಯೇ ಕೂತಿರುವದನ್ನು ಕಾಣುವಿರಿ.

ಈ ಒಡಂಬಡಿಕೆಯಲ್ಲಿ ಎರಡು ಪಕ್ಷದವರಿಗೂ ಲಾಭವುಂಟು. ಗಿಡವು ತಾನು ಬಿಸಿಲಿನಲ್ಲಿ ಮಾಡಿದ ಸಕ್ಕರೆಯಲ್ಲಿ ಒಂದು ಪಾಲನ್ನು ಅಣುಗಳಿಗೆ ಕೊಡುತ್ತದೆ. ಅಣುಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣ್ಣತಕ್ಕ ರೂಪದಲ್ಲಿ ಕೊಡುತ್ತವೆ. ಅಣುಗಳ ಬಳಿಯಲ್ಲಿ ಈ ಕೆಲಸಕ್ಕಾಗಿ ಒಂದು ವಿಶೇಷ ಪದಾರ್ಥವಿದೆ. ಅದರಲ್ಲಿ ಕಬ್ಬಿಣವೂ ಮಾಲಿಬ್ಡಿನಂ ಎಂಬ ಲೋಹವೂ ಸೇರಿವೆ. ಆದರೆ ಆಮ್ಲಜನಕವು ಹೆಚ್ಚಾಗಿ ತಗಲಿದರೆ ಆ ಪದಾರ್ಥವು ಕೆಡುತ್ತದೆ. ಅಣುಗಳು ಉಸಿರಾಡುವದಕ್ಕೋ ಆಮ್ಲಜನಕವು ಬೇಕೇ ಬೇಕು. ಈ ತೊಡಕನ್ನು ಬಿಡಿಸುವದಕ್ಕೆ ಗಂಟಿನಲ್ಲಿ ಒಂದು ಕೆಂಪು ರಸವು ಉಂಟಾಗುತ್ತದೆ. ಅದು ಆಮ್ಲಜನಕವನ್ನು ಹಿಡಿದಿಟ್ಟುಕೊಂಡು ಬೇಕಾದಷ್ಟೇ ಹಂಚುತ್ತದೆ. ಅದು ನಮ್ಮ ರಕ್ತದ ಕೆಂಪು ಪದಾರ್ಥಕ್ಕೆ ಹತ್ತಿರದ ಸಂಬಂಧಿ. ಆ ವಿಧವೆಯ ಹೊಲದಲ್ಲಿ ಸೀಳಿದ ಗಂಟಿನೊಳಗೆ ನಾವು ಕಂಡ ಕೆಂಪು ಇದೇ. ಗಂಟಿನ ಒಳಗೆ ಕೆಂಪಿದ್ದರೆ ಕೆಲಸ ನಡೆದಿದೆ ಎಂದು ತಿಳಿಯಬೇಕು. ಬೆಳ್ಳಗಿದ್ದರೆ ಕೆಲಸವು ಇನ್ನೂ ಆರಂಭವಾಗಿಲ್ಲ, ಅಥವಾ ಒಳಗೆ ಸೇರಿದ ಅಣುಗಳು ಮೈಗಳ್ಳರು. ಹಸುರು ಇಲ್ಲವೆ ಕಂದು ಬಣ್ಣವಾಗಿದ್ದರೆ ಕೆಲಸ ಮುಗಿದು ಗಂಟು ಮುದಿಯಾಗಿದೆ.

ಮೂರನೆಯದು: ಜನರು ಇದನ್ನು ತಿಳಿದುಕೊಂಡ ಬಗೆ

ಕಾಳಿನ ಬೆಳೆಯಿಂದ ಭೂಮಿಗೆ ಬಲ ಬರುತ್ತದೆಂಬದನ್ನು ಪೂರ್ವಕಾಲದ ರೋಮಿನ ರೈತರೂ ಬಲ್ಲವರಾಗಿದ್ದರು. ಆದರೆ ಕಾರಣವನ್ನು ಬಲ್ಲವರು ಇರಲಿಲ್ಲ. ಇಟಲಿಯ ಮಾಲ್ಪೀಗಿ ಎಂಬ ಪಂಡಿತರು 1679ರಲ್ಲಿ ಈ ಗಂಟುಗಳ ಚಿತ್ರವನ್ನು ಬರೆದು, ಇವು ಹುಳಗಳಿಂದಾದ ಬಾವುಗಳೆಂದು ಎಣಿಸಿದರು. ನಮ್ಮ ತಪ್ಪನ್ನು ಅಷ್ಟು ದೊಡ್ಡವರೂ ಮಾಡಿದ್ದರೆಂಬದನ್ನು ಓದಿ ನಮಗೆ ತುಸು ಸಮಾಧಾನವಾಯಿತು. ಆದರೂ ಅವರ ಮಾತನ್ನು ಕೇಳಿ ಯಾವ ವಿಧವೆಯೂ ಬೆಳೆಯನ್ನು ಕೀಳಲಿಲ್ಲವೆಂಬದು ಬೇರೆ ಮಾತು.

ಫ್ರಾನ್ಸಿನ ಬೂಸಿಂಗೋ ಎಂಬವರು 1838ರಲ್ಲಿ ತೂಕಮಾಡಿ ನೋಡಿ, ಬಟಾಣಿಯಂಥ ಗಿಡಗಳಲ್ಲಿ ಸಾರಜನಕವು ಹೆಚ್ಚುತ್ತದೆ, ಗೋಧಿಯಲ್ಲಿ ಹೆಚ್ಚುವದಿಲ್ಲ ಎಂದು ಕಂಡುಕೊಂಡರು. ಆದರೆ 1857 ಮತ್ತು 1858ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಎಂಬಲ್ಲಿ ಇನ್ನೂ ಎಚ್ಚರಿಕೆಯಿಂದ ಪ್ರಯೋಗಮಾಡಿದವರು, ಯಾವ ಗಿಡವೂ ಗಾಳಿಯಿಂದ ಸಾರಜನಕವನ್ನು ತೆಗೆದುಕೊಳ್ಳುವದಿಲ್ಲವೆಂದು ತೀರ್ಮಾನಿಸಿದರು. ಇದು ಹೇಗಾಯಿತು? ಅವರು ಬೇರೆ ಯಾವ ಪದಾರ್ಥವೂ ಸೇರಬಾರದೆಂದು ಮಣ್ಣನ್ನು ಚೆನ್ನಾಗಿ ಸುಟ್ಟು ಶುದ್ಧಮಾಡಿದ್ದರು. ಆ ಬೆಂಕಿಯಲ್ಲಿ ಅಣುಗಳೆಲ್ಲಾ ಸತ್ತುಹೋಗಿದ್ದವು. ಅತಿಯಾದ ಎಚ್ಚರಿಕೆಯೇ ಸತ್ಯವನ್ನು ಮರೆಮಾಡಿತು.

ಜರ್ಮನಿಯ ಹೆಲ್‌ರೀಗೆಲ್ ಎಂಬವರೂ ಅವರ ಜೊತೆಗಾರರಾದ ವಿಲ್‌ಫಾರ್ಟ್ ಎಂಬವರೂ ಶುದ್ಧವಾದ ಮರಳನ್ನು ಕುಂಡಗಳಲ್ಲಿ ತುಂಬಿ ಗಿಡಗಳನ್ನು ಬೆಳೆಸಿದರು. ಓಟ್ಸು, ಬಾರ್ಲಿ ಮುಂತಾದವುಗಳು ಎಷ್ಟು ಗೊಬ್ಬರ ಕೊಟ್ಟರೆ ಅಷ್ಟೇ ಬೆಳೆದವು. ಬಟಾಣಿಯ ಗಿಡಗಳಾದರೋ ಕೆಲವು ಕುಂಡಗಳಲ್ಲಿ ಗೊಬ್ಬರವಿಲ್ಲದೆಯೂ ಹುಲುಸಾಗಿ ಬೆಳೆದವು, ಕೆಲವು ಕುಂಡಗಳಲ್ಲಿ ಸೊರಗಿದವು. ಹುಲುಸಾದವುಗಳ ಬೇರಿನಲ್ಲಿ ಗಂಟುಗಳಿದ್ದವು, ಸೊರಗಿದವುಗಳಲ್ಲಿ ಇರಲಿಲ್ಲ. ಹೊಲದ ಮಣ್ಣನ್ನು ಕಲಸಿದ ನೀರನ್ನು ಹಾಕಿದರೆ ಗಂಟುಗಳು ಬಂದವು. ಆ ನೀರನ್ನು ಕುದಿಸಿ ಹಾಕಿದರೆ ಬರಲಿಲ್ಲ. ಆದಕಾರಣ ಮಣ್ಣಿನಲ್ಲಿ ಜೀವವುಳ್ಳದ್ದೊಂದು ಇದೆ ಎಂದು ತಿಳಿದು, ಅವರು 1886ರಲ್ಲಿ ಬರ್ಲಿನ್ ಪಟ್ಟಣದ ಪಂಡಿತರ ಸಭೆಯಲ್ಲಿ ಈ ಸಂಗತಿಯನ್ನು ಪ್ರಕಟಿಸಿದರು. ಎರಡು ವರುಷಗಳ ಮೇಲೆ, 1888ರಲ್ಲಿ, ಹಾಲೆಂಡಿನ ಬೈಯರಿಂಕ್ ಎಂಬವರು ಆ ಅಣುಗಳನ್ನು ಗಂಟಿನಿಂದ ಬೇರ್ಪಡಿಸಿ ಸಾಕಿ ತೋರಿಸಿದರು.

ಈ ಪ್ರಯೋಗವನ್ನು ನಿಮ್ಮ ಮಕ್ಕಳೂ ಮಾಡಬಹುದು. ಹಳ್ಳದ ಮರಳನ್ನು ತೊಳೆದು, ಹಂಚಿನಲ್ಲಿ ಚೆನ್ನಾಗಿ ಹುರಿದು, ಆರಿದ ಮೇಲೆ ಎರಡು ಕುಂಡಗಳಲ್ಲಿ ತುಂಬಲಿ. ಎರಡಕ್ಕೂ ಚಿಟಿಕೆ ಬೂದಿಯನ್ನು ಹಾಕಿ, ತೊಳೆದ ಹೆಸರು ಕಾಳನ್ನು ಬಿತ್ತಲಿ. ಹೆಸರು ಬೆಳೆದ ಹೊಲದ ಒಂದು ಹಿಡಿ ಮಣ್ಣನ್ನು ನೀರಿನಲ್ಲಿ ಕಲಸಿ, ಮೇಲಣ ತಿಳಿಯನ್ನು ಒಂದು ಕುಂಡಕ್ಕೆ ಹಾಗೆಯೇ ಹಾಕಲಿ; ಇನ್ನೊಂದಕ್ಕೆ ಅದೇ ತಿಳಿಯನ್ನು ಕುದಿಸಿ ಆರಿಸಿ ಹಾಕಲಿ. ಆ ಮೇಲೆ ಎರಡಕ್ಕೂ ಕುದಿಸಿ ಆರಿಸಿದ ನೀರನ್ನೇ ಕೊಡಲಿ. ಐದು ವಾರಗಳಾದ ಮೇಲೆ ಬೇರುಗಳನ್ನು ತೊಳೆದು ನೋಡಲಿ. ಬೀಜಕ್ಕೆ ಅಂಟಿದ ಅಣುಗಳಿಂದ ಎರಡನೆಯ ಕುಂಡದಲ್ಲಿಯೂ ಒಂದೆರಡು ಗಂಟುಗಳು ಬಂದರೆ ಬರಬಹುದು. ಆದರೂ ವ್ಯತ್ಯಾಸವು ಕಣ್ಣಿಗೆ ಕಾಣುವದು.

ನಾಲ್ಕನೆಯದು: ಗಂಟೋ, ರೋಗವೋ?

ಬೇರುಗಂಟಿನ ರೋಗವೆಂಬದೂ ನಿಜವಾಗಿ ಉಂಟು. ಕಣ್ಣಿಗೆ ಕಾಣದಷ್ಟು ಸಣ್ಣ ಜಂತುಹುಳಗಳು ಟೊಮೇಟೊ, ಬದನೆ, ಬೆಂಡೆ ಮುಂತಾದ ಗಿಡಗಳ ಬೇರಿಗೂ ಕೆಲವು ಕಾಳಿನ ಗಿಡಗಳ ಬೇರಿಗೂ ಹೊಕ್ಕು ಅದನ್ನು ಉಂಟುಮಾಡುತ್ತವೆ. ಆದಕಾರಣ ಎರಡನ್ನೂ ಬೇರೆಬೇರೆಯಾಗಿ ಗುರುತಿಸಬೇಕು. ನಾವು ಮಾಡದೆ ಬಿಟ್ಟ ಪರೀಕ್ಷೆಯನ್ನು ನೀವು ಮಾಡಿರಿ.

ಗಿಡವನ್ನು ಎಳೆದು ಕೀಳಬಾರದು. ಎಳೆದರೆ ಗಂಟುಗಳು ಮಣ್ಣಿನಲ್ಲಿಯೇ ಉದುರಿಹೋಗುತ್ತವೆ. ಸುತ್ತಲಿನ ಮಣ್ಣನ್ನು ಸಲಿಕೆಯಿಂದ ಎತ್ತಿ, ನೀರಿನಲ್ಲಿ ಅದ್ದಿ ಮೆಲ್ಲನೆ ತೊಳೆಯಿರಿ. ಒಳ್ಳೇ ಗಂಟು ಬೇರಿನ ಪಕ್ಕಕ್ಕೆ ಮಣಿಯ ಹಾಗೆ ಅಂಟಿಕೊಂಡಿರುತ್ತದೆ; ಬೆರಳಿನಿಂದ ತಿಕ್ಕಿದರೆ ಕಳಚಿ ಬರುತ್ತದೆ; ಸೀಳಿದರೆ ಒಳಗೆ ಕೆಂಪಿರುತ್ತದೆ. ರೋಗದ ಗಂಟಾದರೋ ಬೇರೇ ಊದಿಕೊಂಡದ್ದು. ಬೇರು ಹರಿಯದೆ ಅದು ಕಳಚದು. ಸೀಳಿದರೆ ಒಳಗೆ ಕೆಂಪು ಇರುವದಿಲ್ಲ. ಗಂಟಿನ ಆಕಾರವು ಎಲ್ಲಾ ಗಿಡಗಳಲ್ಲಿ ಒಂದೇ ತೆರನಾಗಿರುವದಿಲ್ಲವೆಂಬದನ್ನೂ ನೆನಪಿಡಿರಿ. ಹೆಸರು, ಅಲಸಂದೆ, ಸೋಯಾ ಇವುಗಳ ಗಂಟು ದುಂಡಗಿರುತ್ತದೆ. ಕಡಲೆಯ ಗಂಟು ಹವಳದ ಹಾಗೆ ಕವಲೊಡೆದಿರುತ್ತದೆ. ಹೂಬಿಡುವ ಕಾಲವೇ ನೋಡುವದಕ್ಕೆ ತಕ್ಕ ಕಾಲ. ಕಾಯಿ ತುಂಬಿದ ಮೇಲೆ ನೋಡಿದರೆ ಗಂಟುಗಳು ಮುದಿಯಾಗಿರುತ್ತವೆ.

ಹಳದಿ ಎಲೆಗಳ ವಿಷಯದಲ್ಲಿಯೂ ಒಂದು ಮಾತು. ಸಾರಜನಕವು ಸಾಲದಿದ್ದರೆ ಗಿಡವು ಹಳೇ ಎಲೆಗಳಲ್ಲಿದ್ದದ್ದನ್ನು ತೆಗೆದು ಎಳೇ ಎಲೆಗಳಿಗೆ ಕೊಡುತ್ತದೆ. ಆದಕಾರಣ ಕೆಳಗಿನ ಎಲೆಗಳು ಮೊದಲು ಹಳದಿಯಾಗುತ್ತವೆ. ಕಬ್ಬಿಣವು ಸಾಲದಿದ್ದರೆ ಮೇಲಿನ ಎಳೇ ಎಲೆಗಳು ಮೊದಲು ಹಳದಿಯಾಗಿ, ನರಗಳು ಮಾತ್ರ ಹಸುರಾಗಿ ಉಳಿಯುತ್ತವೆ. ಸುಣ್ಣದ ಅಂಶವು ಹೆಚ್ಚಾಗಿರುವ ಎರೆಭೂಮಿಯಲ್ಲಿ, ಅದರಲ್ಲಿಯೂ ನೀರು ನಿಲ್ಲುವ ಜಾಗದಲ್ಲಿ, ಶೇಂಗಾಕ್ಕೆ ಈ ಎರಡನೆಯ ಬಾಧೆ ಬರುವದುಂಟು. ಆ ತಾಯಿಯ ಹೊಲಕ್ಕೆ ಬಂದದ್ದು ಅದೇ. ಒಂದು ಲೀಟರು ನೀರಿಗೆ 5 ಗ್ರಾಂ ಅನ್ನಭೇದಿಯನ್ನು ಕರಗಿಸಿ ಎಲೆಗಳ ಮೇಲೆ ಸಿಂಪಡಿಸಿದ್ದರಿಂದ ಉಳಿದ ಗಿಡಗಳು ಹಸುರಾದವು. ಸುಲಭವಾದ ಮದ್ದಿನಿಂದ ಗುಣವಾಗುತ್ತಿದ್ದ ಬೆಳೆಯನ್ನು ನಮ್ಮ ಮಾತು ಬೆಂಕಿಗೆ ಹಾಕಿಸಿತು.

ಐದನೆಯದು: ಹೊಲದಲ್ಲಿ ಮಾಡತಕ್ಕದ್ದು

1. ಬೀಜೋಪಚಾರ. ಒಂದೊಂದು ಜಾತಿಯ ಕಾಳಿಗೆ ತಕ್ಕ ಜಾತಿಯ ಅಣುವು ಬೇಕು. ಹೆಸರು, ಅಲಸಂದೆ, ಹುರಳಿ ಮುಂತಾದವುಗಳಿಗೆ ತಕ್ಕ ಅಣುಗಳು ನಮ್ಮ ಮಣ್ಣಿನಲ್ಲಿ ಸಾಧಾರಣವಾಗಿ ಇರುತ್ತವೆ. ಸೋಯಾ ಅವರೆಯು ಹೊರಗಿನಿಂದ ಬಂದ ಬೆಳೆಯಾದದರಿಂದ, ಅದನ್ನು ಎಂದೂ ಬಿತ್ತದ ಹೊಲದಲ್ಲಿ ಅದರ ಅಣುಗಳು ಇರುವದು ಅಪೂರ್ವ. ಅಲ್ಲಿ ಬೀಜಕ್ಕೆ ಅಣುಗಳನ್ನು ಹಚ್ಚಿಯೇ ಬಿತ್ತಬೇಕು. ರೈಜೋಬಿಯಂ ಗೊಬ್ಬರದ ಪೊಟ್ಟಣವು ಸಿಕ್ಕುವ ಸ್ಥಳವನ್ನು ನಿಮ್ಮ ರೈತ ಸಂಪರ್ಕ ಕೇಂದ್ರದಲ್ಲಿಯಾಗಲಿ, ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿಯಾಗಲಿ ವಿಚಾರಿಸಿರಿ. ಸಾಮಾನ್ಯವಾಗಿ 10 ಕಿಲೋ ಬೀಜಕ್ಕೆ 200 ಗ್ರಾಂ ಪುಡಿ ಸಾಕು. ಬೆಲ್ಲವನ್ನು ನೀರಿನಲ್ಲಿ ಕುದಿಸಿ ಅಂಟು ಪಾಕವನ್ನು ಮಾಡಿ, ಅದು ಪೂರಾ ಆರಿದ ಮೇಲೆ ಪುಡಿಯನ್ನು ಕಲಸಿ, ಬೀಜದ ಸಿಪ್ಪೆ ಸುಲಿಯದಂತೆ ಮೆಲ್ಲನೆ ಸವರಿ, ನೆರಳಿನಲ್ಲಿ ಒಣಗಿಸಿ ಅದೇ ದಿನ ಬಿತ್ತಬೇಕು. ಪಾಕವು ಬಿಸಿಯಿದ್ದರೂ ಬೀಜವನ್ನು ಬಿಸಿಲಿನಲ್ಲಿ ಹರಡಿದರೂ ಅಣುಗಳು ಸಾಯುತ್ತವೆ. ಬೀಜಕ್ಕೆ ರೋಗದ ಔಷಧವನ್ನು ಹಚ್ಚುವದಿದ್ದರೆ ಅದನ್ನು ಮೊದಲು ಹಚ್ಚಿ, ಅಣುಗಳನ್ನು ಕೊನೆಗೆ ಹಚ್ಚಬೇಕು. ಪೊಟ್ಟಣದ ಮೇಲೆ ಬೆಳೆಯ ಹೆಸರನ್ನೂ ಅವಧಿ ಮುಗಿಯುವ ತಾರೀಖನ್ನೂ ಓದದೆ ಕೊಂಡುಕೊಳ್ಳಬೇಡಿರಿ. ಅದು ಜೀವವುಳ್ಳ ಸರಕು.

2. ಯೂರಿಯಾವನ್ನು ಮಿತಿಯಲ್ಲಿಡುವದು. 45 ಕಿಲೋ ಯೂರಿಯಾದ ಚೀಲದಲ್ಲಿ 20 ಕಿಲೋವಿಗೆ ತುಸು ಮೀರಿ ಸಾರಜನಕವಿದೆ. ಜೋಳಕ್ಕೂ ಭತ್ತಕ್ಕೂ ಅದು ಬೇಕಾದೀತು. ಕಾಳಿನ ಬೆಳೆಗೆ ಅದನ್ನು ಸುರಿದರೆ ಗಿಡವು, ಮನೆಗೆ ಊಟ ತಾನಾಗಿ ಬರುತ್ತಿರುವಾಗ ದುಡಿಯದ ಮಗನ ಹಾಗೆ, ಗಂಟುಗಳನ್ನು ಕಟ್ಟುವದನ್ನೇ ಬಿಡುತ್ತದೆ. ಗಂಟುಗಳು ಕೆಲಸಕ್ಕೆ ತೊಡಗುವ ವರೆಗೆ ಎಳೇ ಗಿಡಕ್ಕೆ ಬಿತ್ತುವಾಗ ಸ್ವಲ್ಪ ಕೊಟ್ಟರೆ ಸಾಕು. ಅದಕ್ಕೆ ಬದಲಾಗಿ ರಂಜಕದ ಗೊಬ್ಬರವನ್ನು ಮರೆಯಬೇಡಿರಿ. ಗಂಟುಗಳ ಕೆಲಸಕ್ಕೆ ರಂಜಕವು ಬಹಳವಾಗಿ ಬೇಕು. ಎಷ್ಟೆಂಬದನ್ನು ಮಣ್ಣಿನ ಪರೀಕ್ಷೆಯಿಂದ ತಿಳಿಯಬಹುದು.

3. ಬೇರನ್ನು ಹೊಲದಲ್ಲಿ ಬಿಡುವದು. ಇಲ್ಲಿ ಅನೇಕರು ಮೋಸಹೋಗುತ್ತಾರೆ. ಗಿಡವು ಕೂಡಿಸಿದ ಸಾರಜನಕದಲ್ಲಿ ಬಹು ಪಾಲು ಕಾಳಿಗೆ ಹೋಗುತ್ತದೆ. ಕಾಳು ನಮ್ಮ ಮನೆಗೆ ಬರುತ್ತದೆ. ಭೂಮಿಗೆ ಉಳಿಯುವದು ಬೇರಿನಲ್ಲಿಯೂ ಉದುರಿದ ಎಲೆಯಲ್ಲಿಯೂ ಇರುವ ಪಾಲು ಮಾತ್ರ. ಕಡಲೆಯನ್ನು ಬೇರುಸಹಿತ ಕಿತ್ತು, ಹೊಟ್ಟನ್ನು ಮಾರಿ, ಉಳಿದದ್ದನ್ನು ಸುಟ್ಟರೆ, ಕಾಳು ಬಿತ್ತಿದೆವು, ಆದರೂ ಭೂಮಿಗೆ ಬಲ ಬರಲಿಲ್ಲ ಎಂದು ದೂರುವದರಲ್ಲಿ ಅರ್ಥವಿಲ್ಲ. ಆಗುವಷ್ಟು ಮಟ್ಟಿಗೆ ಕುಡಗೋಲಿನಿಂದ ಕೊಯ್ದು ಬೇರನ್ನು ನೆಲದಲ್ಲಿಯೇ ಬಿಡಿರಿ. ಶೇಂಗಾವನ್ನು ಕೀಳಲೇ ಬೇಕು. ಅದರ ಬಳ್ಳಿಯನ್ನು ದನಕ್ಕೆ ಹಾಕಿದರೆ ಆ ದನದ ಸಗಣಿಯು ಅದೇ ಹೊಲಕ್ಕೆ ತಿರುಗಿ ಹೋಗಲಿ. ಹೆಸರಿನ ಕಾಯಿಗಳನ್ನು ಬಿಡಿಸಿಕೊಂಡು ಹಸುರು ಗಿಡವನ್ನು ಮಣ್ಣಿನಲ್ಲಿ ಮುಚ್ಚುವವರು ಎಲ್ಲರಿಗಿಂತ ಹೆಚ್ಚು ಲಾಭವನ್ನು ಹೊಂದುತ್ತಾರೆ.

4. ಹಸುರು ಗೊಬ್ಬರ. ಕಾಳು ಬೇಡ, ಭೂಮಿಯ ಬಲವೇ ಬೇಕು ಎನ್ನುವವರು ಸೆಣಬು, ಡಯಾಂಚ ಮುಂತಾದವುಗಳನ್ನು ಬಿತ್ತಿ, ಹೂಬಿಡುವ ಹೊತ್ತಿಗೆ ಉತ್ತು ಮಣ್ಣಿಗೆ ಸೇರಿಸಬೇಕು. ತಡಮಾಡಿದರೆ ದಂಟು ಬಲಿತು ಬೇಗ ಕೊಳೆಯುವದಿಲ್ಲ. ಬದುವಿನಲ್ಲಿ ಗ್ಲಿರಿಸಿಡಿಯಾ ಗಿಡವನ್ನು ನೆಟ್ಟರೆ ವರುಷಕ್ಕೆ ಎರಡು ಮೂರು ಸಾರಿ ಸೊಪ್ಪನ್ನು ಕಡಿದು ಹಾಕಬಹುದು. ಅದೂ ಕಾಳಿನ ಗಿಡಗಳ ಕುಲಕ್ಕೆ ಸೇರಿದ್ದೇ.

5. ಲೆಕ್ಕ. ಕಾಳಿನ ಬೆಳೆಯು ಎಷ್ಟು ಸಾರಜನಕವನ್ನು ಕೂಡಿಸುತ್ತದೆಂಬದು ಬೆಳೆಯನ್ನೂ ಮಳೆಯನ್ನೂ ಮಣ್ಣನ್ನೂ ಹೊಂದಿಕೊಂಡಿದೆ. ಬರಗಾಲದಲ್ಲಿ ಗಂಟುಗಳೂ ಸೊರಗುತ್ತವೆ. ನೀರು ನಿಂತರೆ ಉಸಿರುಕಟ್ಟಿ ಕೊಳೆಯುತ್ತವೆ. ನಾವು ತರಕಾರಿಗಾಗಿ ಬೆಳೆಯುವ ಬೀನ್ಸು ಈ ಕೆಲಸದಲ್ಲಿ ಬಡವೇ. ಆದಕಾರಣ ಯೂರಿಯಾವನ್ನು ಒಮ್ಮೆಗೇ ಪೂರಾ ಬಿಟ್ಟುಬಿಡಿರಿ ಎಂದು ನಾವು ಹೇಳುವದಿಲ್ಲ. ಹೊಲದಲ್ಲಿ ಹತ್ತು ಸಾಲುಗಳನ್ನು ಬೇರೆಯಿಟ್ಟು, ಹೆಸರಿನ ಹಿಂದೆ ಬಂದ ಜೋಳಕ್ಕೆ ಅರ್ಧ ಗೊಬ್ಬರವನ್ನು ಕೊಟ್ಟು ನೋಡಿರಿ. ತೆನೆಯನ್ನು ತೂಗಿ ಬರೆದಿಡಿರಿ. ನಿಮ್ಮ ಹೊಲವು ಕೊಡುವ ಉತ್ತರವನ್ನು ನಂಬಿರಿ.

ಕೊನೆಯ ಮಾತು

ಆ ವಿಧವೆಯು ಮುಂದಿನ ವರುಷವೂ ಶೇಂಗಾ ಬಿತ್ತಿದರು. ಹೂಬಿಡುವ ಕಾಲದಲ್ಲಿ ಒಂದು ಸಾಯಂಕಾಲ ಅವರ ಮಗಳು ನಮ್ಮ ಮನೆಗೆ ಬಂದು, ತೊಳೆದ ಬೇರುಗಳುಳ್ಳ ಒಂದು ಗಿಡವನ್ನು ನಮ್ಮ ಮೇಜಿನ ಮೇಲಿಟ್ಟು, ಸೀಳಿದ ಗಂಟೊಂದನ್ನು ತೋರಿಸಿ, 'ಕೆಂಪೈತ್ರಿ ಉಪದೇಶಿಗಳೇ, ಅವ್ವ ನಿಮಗ ತೋರಿಸಿ ಬಾ ಅಂದ್ಳು' ಎಂದಳು. ನಾವು ಅದನ್ನು ಹಾಸ್ಯವೆಂದು ತೆಗೆದುಕೊಳ್ಳಲಿಲ್ಲ, ಪಾಠವೆಂದೇ ತೆಗೆದುಕೊಂಡೆವು. ಆ ಹುಡುಗಿಯು ನಾವು ನೋಡದೆ ಹೇಳಿದ್ದನ್ನು ತಾನು ನೋಡಿ ತಿಳಿದುಕೊಂಡಿದ್ದಳು. ಪ್ರಿಯರೇ, ಓದಿದವನು ಹೇಳಿದನೆಂದು ಬೆಳೆಯನ್ನು ಕೀಳಬೇಡಿರಿ. ಹಿರಿಯರು ಮಾಡಿದರೆಂದು ಮಾತ್ರ ಮಾಡಿಕೊಂಡೂ ಹೋಗಬೇಡಿರಿ. ಸಲಿಕೆಯನ್ನು ತೆಗೆದುಕೊಂಡು, ಒಂದು ಗಿಡವನ್ನು ಎತ್ತಿ, ಬೇರನ್ನು ತೊಳೆದು, ಗಂಟನ್ನು ಸೀಳಿ ನೋಡಿರಿ. ನೋಡಿದ ಮೇಲೂ ತಿಳಿಯದಿದ್ದರೆ ಬಲ್ಲವರನ್ನು ಕೇಳಿರಿ. ಯಾರಾದರೂ ನಿಮ್ಮನ್ನು ಕೇಳಿದಾಗ ಗೊತ್ತಿಲ್ಲದಿದ್ದರೆ, ಗೊತ್ತಿಲ್ಲವೆಂದು ಹೇಳುವದಕ್ಕೆ ನಾಚಬೇಡಿರಿ.

ಮನೆಯಲ್ಲಿಯೂ ಪಾಠಶಾಲೆಯಲ್ಲಿಯೂ ಕೇಳತಕ್ಕ ಪ್ರಶ್ನೆಗಳು

1. ಗಾಳಿಯಲ್ಲಿ ಸಾರಜನಕವು ಇಷ್ಟು ಇರುವಾಗ ಜೋಳದ ಗಿಡವು ಅದನ್ನು ತೆಗೆದುಕೊಳ್ಳಲಾರದೆ ಇರುವದು ಯಾಕೆ?
2. ಗಿಡವು ಗಂಟಿನೊಳಗಿನ ಅಣುಗಳಿಗೆ ಏನನ್ನು ಕೊಡುತ್ತದೆ? ಅಣುಗಳು ಗಿಡಕ್ಕೆ ಏನನ್ನು ಕೊಡುತ್ತವೆ?
3. ರಾಥಮ್‌ಸ್ಟೆಡ್‌ನ ಪಂಡಿತರು ತಪ್ಪು ತೀರ್ಮಾನಕ್ಕೆ ಬಂದದ್ದು ಹೇಗೆ?
4. ಒಳ್ಳೇ ಗಂಟನ್ನೂ ರೋಗದ ಗಂಟನ್ನೂ ಗುರುತಿಸುವದಕ್ಕೆ ಮೂರು ಲಕ್ಷಣಗಳನ್ನು ಹೇಳಿರಿ.
5. ಕೆಳಗಿನ ಎಲೆಗಳು ಮೊದಲು ಹಳದಿಯಾದರೆ ಏನು ತಿಳಿಯಬೇಕು? ಮೇಲಿನ ಎಲೆಗಳು ಮೊದಲು ಹಳದಿಯಾದರೆ ಏನು ತಿಳಿಯಬೇಕು?
6. ಕಾಳು ಬಿತ್ತಿದರೂ ಭೂಮಿಗೆ ಬಲ ಬಾರದೆ ಹೋಗುವದು ಯಾವಾಗ?
7. ನಿಮ್ಮ ಹೊಲದ ಒಂದು ಕಾಳಿನ ಗಿಡದ ಬೇರಿನಲ್ಲಿ ಎಷ್ಟು ಗಂಟುಗಳಿವೆ, ಅವುಗಳಲ್ಲಿ ಎಷ್ಟು ಒಳಗೆ ಕೆಂಪಾಗಿವೆ ಎಂಬದನ್ನು ಎಣಿಸಿ ಬರೆದು ತನ್ನಿರಿ.